ತಾಯಿಯನ್ನು ‘ಟಾಲರೇಟ್’ ಮಾಡುವ ಮಗ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅರ್ಜಿಯೊಂದರ ನಕಲನ್ನು ಹಿಡಿದು ನನ್ನ ಮನೆಗೆ ಬಂದ. ಈಗ ಅವನಿಗೂ ತಲೆ ನರೆತಿದೆ. ಒಂದು ಕಚೇರಿಯಲ್ಲಿ ಗುಮಾಸ್ತ. ದೂರದ ಊರಿಗೆ ವರ್ಗವಾಗಿದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ. ಆಕೆಗೆ ಮರೆವಿನ ಕಾಯಿಲೆ. ಉಂಡದ್ದು ಮರೆಯುತ್ತದೆ, ಉಣ್ಣಬೇಕೆಂಬುದೂ ಮರೆಯುತ್ತದೆ. ಕೆಲವು ದಿನ ಮಗನ ಮುಖವೂ ಮರೆಯುತ್ತದೆ. ವರ್ಗವನ್ನು ರದ್ದುಮಾಡಬೇಕೆಂದು ಮೇಲಧಿಕಾರಿಗಳಿಗೆ ಅವನು ಇಂಗ್ಲಿಷಿನಲ್ಲಿ ಒಂದು ಪುಟದ ಅರ್ಜಿ ಬರೆದುಕೊಂಡಿದ್ದ. ಅದರ ನಡುವೆ ಒಂದು ವಾಕ್ಯ: ಮೂರು ವರ್ಷಗಳಿಂದ ನಾನು ನನ್ನ ತಾಯಿಯನ್ನು ‘ಟಾಲರೇಟ್’ ಮಾಡುತ್ತಿದ್ದೇನೆ.

ಅಧಿಕಾರಿಗಳು ಅದನ್ನು ಓದಿ ಅವನನ್ನು ಕರೆಸಿದರಂತೆ. “ಅಷ್ಟೊಂದು ಬೇಸರವಾಗಿದ್ದರೆ ಯಾವುದಾದರೂ ವೃದ್ಧಾಶ್ರಮದಲ್ಲಿ ಬಿಡಬಾರದೇನ್ರೀ? ನಿಮಗೂ ನೆಮ್ಮದಿ, ಅವರಿಗೂ ನೆಮ್ಮದಿ” ಎಂದರಂತೆ.

“ಬೇಸರ ಅಂತ ನಾನು ಎಲ್ಲಿ ಬರೆದೆ ಸಾರ್?” ಎಂದು ಅವನು ನನ್ನನ್ನು ಕೇಳಿದ. “ಸಹಿಸಿಕೊಂಡು ನೋಡಿಕೊಳ್ತಾ ಇದೀನಿ ಅಂತ ತಾನೇ ಬರೆದದ್ದು? ಆ ಶಬ್ದ ನೀವೇ ಬರೆಸಿದ್ದಲ್ವೇ?”

ನಾನು ಆ ಅಧಿಕಾರಿಯನ್ನು ದೂರಲಾರೆ. ಅವರು ಕಾಗದದ ಮೇಲೆ ಇದ್ದುದನ್ನು ಓದಿದರು. ಅರ್ಜಿ ಬರೆದ ಮಗನನ್ನೂ ದೂರಲಾರೆ. ಅವನು ಕಲಿತದ್ದನ್ನು ಬರೆದ. ಹಾಗಾದರೆ ತಪ್ಪು ಯಾರದು ಎಂದು ಹುಡುಕುತ್ತ ಹೋದರೆ ಅದು ನೇರವಾಗಿ ನನ್ನ ಕರಿಹಲಗೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಹೌದು, ನಾನೇ ಬರೆಸಿದ್ದು. ‘ಸಹಿಸು’ ಎಂದು ಎಡಗಡೆ ಬರೆದು, ಬಲಗಡೆ ಸಾಲಾಗಿ ಟಾಲರೇಟ್, ಬೇರ್, ಎಂಡ್ಯೂರ್, ಸಫರ್, ಪುಟ್ ಅಪ್ ವಿತ್ ಎಂದು ಬರೆದು, ಎಲ್ಲವನ್ನೂ ಒಂದು ಪುಷ್ಪಾವರಣದಲ್ಲಿ ಸೇರಿಸಿ, “ಐದಕ್ಕೂ ಒಂದೇ ಅರ್ಥ; ಯಾವುದನ್ನು ಬರೆದರೂ ಸರಿ; ದೊಡ್ಡದನ್ನು ಬರೆದರೆ ಪರೀಕ್ಷಕರಿಗೆ ಸಂತೋಷ” ಎಂದು ಹೇಳಿದವನು ನಾನು. ಎಷ್ಟು ವರ್ಷ, ಎಷ್ಟು ತರಗತಿಗಳಿಗೆ ಹೇಳಿದೆನೋ ಲೆಕ್ಕವಿಲ್ಲ. ಆದ್ದರಿಂದ ವಾಚಕರು ಈ ಲೇಖನವನ್ನು ಆಪಾದನೆಯೆಂದು ಓದುವಾಗ, ಆಪಾದಿತರ ಸಾಲಿನಲ್ಲಿ ಮೊದಲನೆಯವನು ನಾನೇ ಎಂಬುದನ್ನು ಮರೆಯಬಾರದು.

ನನ್ನ ವಾದ ಇಷ್ಟೆ. ಇನ್ನೊಬ್ಬರ ವಿಷಯದಲ್ಲಿ ತಾಳ್ಮೆಯಿಂದಿರುವುದನ್ನು ಹೇಳುವ ಇಂಗ್ಲಿಷ್ ಶಬ್ದಗಳು ಒಂದರ ಬದಲಿಗೆ ಒಂದನ್ನು ಇಡಬಹುದಾದ ಚೆಲ್ಲರೆ ನಾಣ್ಯಗಳಲ್ಲ. ಪ್ರತಿಯೊಂದು ಶಬ್ದವೂ ಇಬ್ಬರು ಮನುಷ್ಯರ ನಡುವೆ ಒಂದು ತೀರ್ಪು ಕೊಡುತ್ತದೆ. ದೋಷ ಯಾರಲ್ಲಿದೆ, ಅಧಿಕಾರ ಯಾರ ಕೈಯಲ್ಲಿದೆ, ಈ ಸ್ಥಿತಿ ಎಷ್ಟು ಕಾಲ ನಡೆಯಬೇಕು—ಈ ಮೂರನ್ನೂ ಆ ಒಂದು ಶಬ್ದವೇ ಹೇಳಿಬಿಡುತ್ತದೆ. ಶಬ್ದವನ್ನು ತಪ್ಪಾಗಿ ಆರಿಸಿದವನು ವ್ಯಾಕರಣದಲ್ಲಿ ತಪ್ಪಿದ್ದಲ್ಲ. ತಾಯಿಯ ಮೇಲೆ ತನಗೆ ತಿಳಿಯದಂತೆಯೇ ಒಂದು ದೂರು ದಾಖಲು ಮಾಡಿದ.

“ಅಯ್ಯೋ, ಅರ್ಥವಾದರೆ ಸಾಕಪ್ಪ, ಇಷ್ಟೆಲ್ಲ ಕೂದಲು ಸೀಳಬೇಕೆ?” ಎನ್ನುವ ಮಹಾಶಯರಿದ್ದಾರೆ. ಅವರಿಗೆ ನನ್ನ ಉತ್ತರ: ಅರ್ಥವಾಯಿತಲ್ಲ ಸ್ವಾಮಿ! ಅಧಿಕಾರಿಗಳಿಗೆ ಚೆನ್ನಾಗಿಯೇ ಅರ್ಥವಾಯಿತು. ಬರೆದವನ ಮನಸ್ಸಿನಲ್ಲಿದ್ದದ್ದಲ್ಲ, ಬರೆದ ಶಬ್ದದಲ್ಲಿದ್ದದ್ದು ಅರ್ಥವಾಯಿತು.

ಶಬ್ದಗಳನ್ನೇ ಒಂದಿಷ್ಟು ವಿಚಾರಿಸೋಣ. ‘ಬೇರ್ ವಿತ್’ ಎಂಬುದು ಹೆಚ್ಚಾಗಿ ಕೇಳಿಕೊಳ್ಳುವವನ ಮಾತು. ಭಾಷಣಕಾರನ ಕಾಗದ ತಪ್ಪಿಹೋಗಿದೆ. ‘ಬೇರ್ ವಿತ್ ಮಿ’ ಎನ್ನುತ್ತಾನೆ. ದೂರವಾಣಿಯಲ್ಲಿ ಲೆಕ್ಕ ಹುಡುಕುತ್ತಿರುವಾಕೆಯೂ ಹಾಗೆಯೇ ಎನ್ನುತ್ತಾಳೆ. ದೋಷ ನನ್ನದು, ಸ್ವಲ್ಪ ಹೊತ್ತಿನದು, ನಿಮ್ಮ ಕೃಪೆ ಬೇಕು—ಇದು ಅದರ ಧ್ವನಿ. ಈಗ ಇದರಿಂದ ‘ವಿತ್’ ಎಂಬ ಪುಟ್ಟ ಪದವನ್ನು ಕಿತ್ತುಹಾಕಿ ನೋಡಿ. ‘ಐ ಕಾಂಟ್ ಬೇರ್ ಹಿಮ್’ ಎಂದರೆ ಅವನ ಮುಖ ಕಂಡರೆ ನನಗಾಗದು ಎಂದು. ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಅಣಕು ಭಾಷಣದಲ್ಲಿ ‘ಪ್ಲೀಸ್ ಬೇರ್ ಮಿ ಫಾರ್ ಫೈವ್ ಮಿನಿಟ್ಸ್’ ಎಂದಿದ್ದ. ಐದು ನಿಮಿಷ ನನ್ನನ್ನು ಹೊತ್ತುಕೊಳ್ಳಿ ಎಂದಹಾಗಾಯಿತು! ನಾವೆಲ್ಲ ನಕ್ಕೆವು. ನಕ್ಕ ಮೇಲೆ ಏಕೆ ಹಾಗಾಯಿತೆಂದು ನಾನು ವಿವರಿಸಲಿಲ್ಲ. ನಗು ಮುಗಿಯುತ್ತಲೇ ಮುಂದಿನ ಪಾಠಕ್ಕೆ ಹೋದೆ.

‘ಪುಟ್ ಅಪ್ ವಿತ್’ ಎಂಬುದು ದೂರಿನ ಶಬ್ದ. ಪಕ್ಕದ ಮನೆಯವರ ಅಬ್ಬರದ ಟೀವಿಯನ್ನು, ಸೊಳ್ಳೆಯನ್ನು, ತಡವಾಗಿ ಬರುವ ರೈಲನ್ನು, ಕುಡುಕ ಭಾವಮೈದುನನ್ನು ‘ಪುಟ್ ಅಪ್ ವಿತ್’ ಮಾಡುತ್ತೇವೆ. ತಪ್ಪು ಅವರದು, ಕಷ್ಟ ನಮ್ಮದು, ಬೇರೆ ದಾರಿಯಿಲ್ಲ. ‘ಸ್ಟ್ಯಾಂಡ್’ ಎಂಬುದು ಈ ಅರ್ಥದಲ್ಲಿ ಬಹುಮಟ್ಟಿಗೆ ‘ಇಲ್ಲ’ದ ಜೊತೆಯಲ್ಲಿಯೇ ಬರುವ ಶಬ್ದ. ‘ಎಂಡ್ಯೂರ್’ ಎಂಬುದರ ಬೇರು ಲ್ಯಾಟಿನ್ನಿನ ‘ಗಟ್ಟಿ’ ಎಂಬ ಅರ್ಥದ ಶಬ್ದದಲ್ಲಿದೆ. ನೋವಿನ ಎದುರು ಕಲ್ಲಾಗಿ ಬಹುಕಾಲ ನಿಲ್ಲುವುದು ಅದು. ‘ಇಂಡಲ್ಜ್’ ಎಂದರೆ ಮೇಲಿನವನು ಕೆಳಗಿನವನ ಚಾಪಲ್ಯಕ್ಕೆ ಸಲುಗೆ ಕೊಡುವುದು. ‘ಸಫರ್’ ಎಂಬುದು ಹಿಂದೆ ‘ಆಗಲಿ ಬಿಡು’ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿತ್ತು. ಮೂರ್ಖರನ್ನು ಸಂತೋಷದಿಂದ ‘ಸಫರ್’ ಮಾಡುವ ನುಡಿಗಟ್ಟು 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇದೆ. ಅಲ್ಲಿ ಅದು ಚುಚ್ಚುಮಾತು. ಇಂದು ಯಾರಾದರೂ ದೊಡ್ಡ ಮನುಷ್ಯರು ಮೂರ್ಖರನ್ನು ಹಾಗೆ ಸಹಿಸುವವರಲ್ಲ ಎಂದು ಬರೆದರೆ, ಅವರ ಮುಂಗೋಪವನ್ನೇ ಹೊಗಳಿಕೆಯಂತೆ ಬರೆದಹಾಗೆ.

ಇನ್ನು ‘ಬಿ ಪೇಷಂಟ್ ವಿತ್’. ಈ ಶಬ್ದ ನಮ್ಮ ಹಳ್ಳಿಯ ಮುದುಕಿಗೂ ಗೊತ್ತು. ಆಸ್ಪತ್ರೆಯಲ್ಲಿ ಮಲಗಿದವನನ್ನು ‘ಪೇಷಂಟು’ ಎನ್ನುವುದಿಲ್ಲವೆ? ತಾಳುವವನಿಗೂ ನರಳುವವನಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು, ಏಕೆಂದರೆ ಎರಡೂ ‘ಅನುಭವಿಸು’ ಎಂಬ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಅಕ್ಷರ ತಿದ್ದುವ ಮಗುವಿನೊಡನೆ, ಹೆಜ್ಜೆ ತಡವರಿಸುವ ಮುದುಕರೊಡನೆ, ಕಾಯಿಲೆಯವರೊಡನೆ ನಾವು ಹೀಗೆ ಇರುತ್ತೇವೆ. ಇಲ್ಲಿ ದೂರು ಇಲ್ಲ. ತಡವಾಗುತ್ತಿದೆ, ಆದರೆ ಅದು ಯಾರ ಅಪರಾಧವೂ ಅಲ್ಲ ಎಂಬ ಒಪ್ಪಿಗೆ ಇದರಲ್ಲಿದೆ. ನನ್ನ ವಿದ್ಯಾರ್ಥಿಗೆ ಬೇಕಾಗಿದ್ದ ಶಬ್ದ ಇದೇ. ಇದು ನನ್ನ ಕರಿಹಲಗೆಯ ಪಟ್ಟಿಯಲ್ಲಿಯೇ ಇರಲಿಲ್ಲ!

ಅವನು ಬರೆದ ‘ಟಾಲರೇಟ್’ನ ಸ್ವಭಾವವಾದರೂ ಎಂಥದು? ಮೂಲದಲ್ಲಿ ಅದೂ ಹೊರೆ ಹೊರುವ ಶಬ್ದವೇ. ಆದರೆ ಇಂಗ್ಲೆಂಡಿನಲ್ಲಿ ಅದು ದರಬಾರಿನಲ್ಲಿ ಬೆಳೆಯಿತು. 1689ರಲ್ಲಿ ಅಲ್ಲಿನ ಪಾರ್ಲಿಮೆಂಟು ಹೊರಡಿಸಿದ ಕಾಯಿದೆ ‘ಟಾಲರೇಷನ್ ಆ್ಯಕ್ಟ್’ ಎಂದೇ ಪ್ರಸಿದ್ಧ. ಅಧಿಕೃತ ಚರ್ಚಿಗೆ ಸೇರದ ಪ್ರಾಟೆಸ್ಟಂಟರು ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡಬಹುದೆಂದು ಅದು ಹೇಳಿತು. ಕ್ಯಾಥೊಲಿಕರನ್ನು ಹೊರಗೇ ಇಟ್ಟಿತು. ಅನುಮತಿ ಸಿಕ್ಕವರಿಗೂ ಸರ್ಕಾರದ ಹುದ್ದೆಗಳ ಬಾಗಿಲು ತೆರೆಯಲಿಲ್ಲ. 1781ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್ ಇಂಥದೇ ಒಂದು ಶಾಸನ ಹೊರಡಿಸಿದ. ಅನ್ಯಪಂಥದವರು ಪ್ರಾರ್ಥನಾಮಂದಿರ ಕಟ್ಟಿಕೊಳ್ಳಬಹುದು. ಆದರೆ ಅದಕ್ಕೆ ಗೋಪುರವಿರಕೂಡದು, ಗಂಟೆಯಿರಕೂಡದು, ಬೀದಿಗೆ ತೆರೆಯುವ ಬಾಗಿಲಿರಕೂಡದು! ‘ಟಾಲರೇಟ್’ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ಯಾವ ನಿಘಂಟೂ ಕೊಡಲಾರದು. ಇರು, ಆದರೆ ಕಾಣಿಸಿಕೊಳ್ಳಬೇಡ. ನಿನ್ನನ್ನು ಹೊರದೂಡುವ ಶಕ್ತಿ ನನಗಿದೆ, ಸದ್ಯಕ್ಕೆ ಉಪಯೋಗಿಸುತ್ತಿಲ್ಲ. ವೈದ್ಯರು ಶರೀರವು ಔಷಧವನ್ನು ‘ಟಾಲರೇಟ್’ ಮಾಡುತ್ತದೆ ಎನ್ನುವಾಗಲೂ, ಯಂತ್ರಶಿಲ್ಪಿಗಳು ಅಳತೆಯಲ್ಲಿ ಇಷ್ಟು ‘ಟಾಲರೆನ್ಸ್’ ಎನ್ನುವಾಗಲೂ ಇದೇ ಭಾವ: ಹೊರಗಿನದು, ಸರಿಯಾದದ್ದಲ್ಲ, ಆದರೂ ಇಷ್ಟರಮಟ್ಟಿಗೆ ಇರಲಿ. ಥಾಮಸ್ ಪೇನ್ 1791ರಲ್ಲಿಯೇ ಇದನ್ನು ಕಂಡಿದ್ದ. ಸಹಿಸದಿರುವುದೂ ಸಹಿಸುವುದೂ ಎರಡೂ ದಬ್ಬಾಳಿಕೆಗಳೇ, ಒಂದು ತಡೆಯುವ ಹಕ್ಕನ್ನು, ಇನ್ನೊಂದು ಅನುಮತಿಸುವ ಹಕ್ಕನ್ನು ತನ್ನದೆಂದು ಭಾವಿಸುತ್ತದೆ ಎಂಬುದು ಅವನ ವಾದ.

ನನ್ನ ಶಿಷ್ಯ ತನ್ನ ತಾಯಿಯನ್ನು ಕೂರಿಸಿದ್ದು ಬೀದಿಗೆ ಬಾಗಿಲಿಲ್ಲದ ಈ ಮನೆಯಲ್ಲಿ. ಪಾಪ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ನ್ಯಾಯವಾದ ಆಕ್ಷೇಪಣೆ. “ಟಾಲರೆನ್ಸ್ ಈಗ ಸದ್ಗುಣದ ಹೆಸರಲ್ಲವೆ? 1945ರ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯಲ್ಲಿಯೇ ಆ ಶಬ್ದವಿಲ್ಲವೆ?” ಇದೆ. ಆದರೆ ಅರ್ಧ ಶತಮಾನ ಕಳೆದ ಮೇಲೆ, 1995ರ ನವೆಂಬರಿನಲ್ಲಿ, ಯುನೆಸ್ಕೊ ಈ ಶಬ್ದಕ್ಕಾಗಿಯೇ ಒಂದು ಘೋಷಣೆಯನ್ನು ಹೊರಡಿಸಿ, ಇದು ಮೇಲಿನವರು ಕೊಡುವ ರಿಯಾಯಿತಿಯಲ್ಲ, ಕೆಳಗಣ್ಣಿನ ಕರುಣೆಯಲ್ಲ, ಸಲುಗೆಯೂ ಅಲ್ಲ ಎಂದು ವಿವರಿಸಬೇಕಾಯಿತು. ಶಬ್ದದಲ್ಲಿ ಆ ವಾಸನೆ ಇಲ್ಲದಿದ್ದರೆ ಇಷ್ಟು ತೊಳೆಯುವ ಅಗತ್ಯವೇನಿತ್ತು? ಅಲ್ಲದೆ, ತೊಳೆದದ್ದು ನಾಮಪದವನ್ನು ಮಾತ್ರ. ‘ಅವರು ಟಾಲರೆಂಟ್ ಮನುಷ್ಯರು’ ಎಂದರೆ ಹೊಗಳಿಕೆ. ‘ನಾನು ಅವರನ್ನು ಟಾಲರೇಟ್ ಮಾಡುತ್ತೇನೆ’ ಎಂದು ಅವರ ಎದುರಿಗೇ ಹೇಳಿ ನೋಡಿ. ಎರಡನೆಯ ಸಲ ನಿಮಗೆ ಆ ಮನೆಯಲ್ಲಿ ಕಾಫಿ ಸಿಕ್ಕಲಾರದು. ಗುಣದ ಹೆಸರಾಗಿ ಏರಿದ ಶಬ್ದ, ಒಬ್ಬ ಮನುಷ್ಯನನ್ನು ಕರ್ಮಪದವಾಗಿ ಹಿಡಿದ ಕೂಡಲೇ ಹಳೆಯ ದರಬಾರಿಗೆ ಇಳಿದುಬಿಡುತ್ತದೆ.

ಈ ಸೂಕ್ಷ್ಮ ನಮ್ಮ ದೇಶದವರಿಗೆ ಹೊಸದಲ್ಲ. 1930ರಲ್ಲಿ ಗಾಂಧೀಜಿಯವರು ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ವ್ರತಗಳನ್ನು ಕುರಿತು ವಾರವಾರವೂ ಪತ್ರ ಬರೆಯುತ್ತಿದ್ದರು. ‘ಸಹಿಷ್ಣುತೆ’ ಎಂಬ ಹೆಸರು ‘ಟಾಲರೆನ್ಸ್’ನ ಭಾಷಾಂತರ, ಅದು ತಮಗೆ ಒಪ್ಪಿಗೆಯಿಲ್ಲ, ಬೇರೆ ಶಬ್ದ ಹೊಳೆದಿರಲಿಲ್ಲ ಎಂದು ಅವರು ಹೇಳಿಕೊಂಡರು. ಕಾಕಾ ಕಾಲೇಲ್ಕರರು ‘ಆದರ’ ಎಂಬ ಭಾವದ ಶಬ್ದವನ್ನು ಸೂಚಿಸಿದರು, ಅದೂ ಒಪ್ಪಿಗೆಯಾಗಲಿಲ್ಲ. ಮೊದಲನೆಯದರಲ್ಲಿ ಇತರ ಧರ್ಮಗಳು ಕಡಮೆಯವೆಂಬ ಭಾವ ನುಸುಳಬಹುದು, ಎರಡನೆಯದರಲ್ಲಿ ಕೃಪೆ ತೋರಿಸುವ ಭಾವ ಬರಬಹುದು ಎಂಬುದು ಅವರ ಸಂಕೋಚ. ಕೊನೆಗೆ ವ್ರತಕ್ಕೆ ಸಮಾನತೆಯ ಹೆಸರನ್ನೇ ಇಟ್ಟರು. ಸೆರೆಮನೆಯಲ್ಲಿ ಕುಳಿತು, ತಲೆಯ ಮೇಲೆ ಒಂದು ರಾಷ್ಟ್ರದ ಹೊರೆಯಿದ್ದಾಗ, ಆ ಮುದುಕರು ಎರಡು ಶಬ್ದಗಳ ನಡುವಣ ಕೂದಲನ್ನು ಸೀಳುತ್ತಿದ್ದರು. ಬಿಡುವಾಗಿ ಕುಳಿತ ನಮಗೆ ಅದು ಅತಿಯಾಯಿತೆ?

“ಅದು ಪರಭಾಷೆ, ಅದರ ಒಳಗುಟ್ಟು ನಮ್ಮ ಹುಡುಗರಿಗೆ ಹೇಗೆ ತಿಳಿದೀತು?” ಎಂಬುದು ಇನ್ನೊಂದು ಸಬೂಬು. ನಾನೂ ಬಹುಕಾಲ ಇದರ ನೆರಳಿನಲ್ಲಿ ಮಲಗಿದ್ದವನೇ. ಇದು ಸುಳ್ಳು. ನಮ್ಮ ಹುಡುಗರು ಶಾಲೆಯ ಮೆಟ್ಟಿಲು ಹತ್ತುವ ಮುಂಚೆಯೇ ಈ ಭೇದಗಳನ್ನೆಲ್ಲ ಮನೆಯ ಜಗಲಿಯಲ್ಲಿ ಕಲಿತಿರುತ್ತಾರೆ. “ಈ ಮನುಷ್ಯನ ಜೊತೆ ಏಗಿ ಏಗಿ ಸಾಕಾಯ್ತು” ಎಂದು ನೆರೆಮನೆಯಾಕೆ ಅಂದರೆ, ಅದೇ ‘ಪುಟ್ ಅಪ್ ವಿತ್’. “ಒಂದು ಗಳಿಗೆ ಸೈರಿಸಿಕೊಳ್ಳಿ, ಎಲೆ ಹಾಕಿಬಿಡ್ತೀವಿ” ಎಂದು ಮದುವೆಮನೆಯಲ್ಲಿ ಕೈಮುಗಿದರೆ, ಅದು ‘ಬೇರ್ ವಿತ್’. “ಚಿಕ್ಕವನು, ತಪ್ಪು ಮಾಡಿದಾನೆ, ಹೊಟ್ಟೆಗೆ ಹಾಕಿಕೊಳ್ಳಿ” ಎಂಬ ಮಾತಿನ ಮುಂದೆ ನಿಲ್ಲುವ ಶಬ್ದ ಇಂಗ್ಲಿಷಿನಲ್ಲಿಯೇ ಸುಲಭವಾಗಿ ಸಿಕ್ಕದು. ನುಂಗಿಕೊಳ್ಳುವುದು ಬೇರೆ, ಸಂಭಾಳಿಸುವುದು ಬೇರೆ, ತಾಳುವುದು ಬೇರೆ. ಅಜ್ಜಿಯನ್ನು ಕುರಿತು “ಏಗುತ್ತಿದ್ದೇನೆ” ಎಂದ ಹುಡುಗನಿಗೆ ತಾಯಿ ಅಲ್ಲಿಯೇ ಗದರಿಸುತ್ತಾಳೆ. ಇಂಥ ಐಶ್ವರ್ಯವನ್ನು ಹೊತ್ತು ತರಗತಿಗೆ ಬಂದವನ ಮುಂದೆ ನಾವು ‘ಸಹಿಸು’ ಎಂಬ ಒಂದೇ ಗೂಟವನ್ನು ನೆಟ್ಟು, ಐದು ಇಂಗ್ಲಿಷ್ ದನಗಳನ್ನು ಅದಕ್ಕೇ ಕಟ್ಟಿಹಾಕುತ್ತೇವೆ. ಅವನು ಎರಡು ಭಾಷೆಯಲ್ಲಿಯೂ ಬಡವನಾಗುತ್ತಾನೆ.

ಹೀಗೆ ಬಡವಾದ ಮೇಲೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ‘ಅಡ್ಜಸ್ಟ್’ ಸಾಕ್ಷಿ. ಇಬ್ಬರ ಆಸನದಲ್ಲಿ ಮೂರನೆಯವನು ಕೂರುವುದರಿಂದ ಹಿಡಿದು, ಮುರಿಯುತ್ತಿರುವ ಸಂಸಾರವನ್ನು ಹೊಲಿಯುವವರೆಗೆ ಎಲ್ಲಕ್ಕೂ “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ”. ಬಸ್ಸಿನಲ್ಲಿ ಅದು ಮುದ್ದಾದ ಮಾತು. ನಾನೂ ಸರಿದು ಕೂರುತ್ತೇನೆ. ಆದರೆ ಏಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೂ ಅದೇ ಮಾತನ್ನು ಹೇಳುವುದನ್ನು ಕೇಳಿದ್ದೇನೆ. ಆಗ ಅದು ಮುದ್ದಲ್ಲ.

ಇದರಿಂದ ಇನ್ನೊಂದು ಮುಖವೂ ಹೊಳೆಯುತ್ತದೆ. ಮೃದುವಾದ ಶಬ್ದವನ್ನೇ ಯಾವಾಗಲೂ ಆರಿಸಬೇಕೆಂದು ನಾನು ವಾದಿಸುತ್ತಿಲ್ಲ. ಹೊಡೆಯುವ ಗಂಡನ ವಿಷಯದಲ್ಲಿ ‘ಬಿ ಪೇಷಂಟ್ ವಿತ್ ಹಿಮ್’ ಎಂದು ಬುದ್ಧಿ ಹೇಳುವವನು, ಗಂಡನ ಅಪರಾಧವನ್ನು ಕಾಯಿಲೆಯೆಂದು ಬರೆದುಕೊಟ್ಟಹಾಗೆ. ಅಲ್ಲಿ ‘ಪುಟ್ ಅಪ್ ವಿತ್’ ಎಂಬ ಒರಟು ಶಬ್ದವೇ ಸತ್ಯ. ‘ಇನ್ನು ಟಾಲರೇಟ್ ಮಾಡುವುದಿಲ್ಲ’ ಎಂಬುದು ಅದಕ್ಕಿಂತಲೂ ಸತ್ಯ. 1963ರ ಏಪ್ರಿಲಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ನೀಗ್ರೋ ಜನರ ಚಳವಳಿ ನಡೆಯುತ್ತಿದ್ದಾಗ, ಎಂಟು ಮಂದಿ ಬಿಳಿಯ ಧರ್ಮಗುರುಗಳು ಇದು ತಕ್ಕ ಕಾಲವಲ್ಲವೆಂದು ಪ್ರಕಟಣೆ ಕೊಟ್ಟರು. ಮಾರ್ಟಿನ್ ಲೂಥರ್ ಕಿಂಗ್ ಸೆರೆಮನೆಯಿಂದಲೇ ಅವರಿಗೆ ಉತ್ತರ ಬರೆದರು. ‘ಕಾಯಿರಿ’ ಎಂಬ ಮಾತನ್ನು ತಾವು ಬಹುಕಾಲದಿಂದ ಕೇಳುತ್ತಿದ್ದೇವೆ, ಅದರ ಅರ್ಥ ಬಹುಮಟ್ಟಿಗೆ ‘ಎಂದಿಗೂ ಇಲ್ಲ’ ಎಂದೇ ಆಗಿದೆ ಎಂಬುದು ಅವರ ಅಭಿಪ್ರಾಯ. ಅನ್ಯಾಯ ಮಾಡಿದವರು ಅನ್ಯಾಯಕ್ಕೆ ಒಳಗಾದವರಿಂದ ತಾಳ್ಮೆಯನ್ನು ಕೇಳುವಾಗ ಆ ಶಬ್ದವೇ ಕೆಡುತ್ತದೆ. ಮರೆವಿನ ತಾಯಿಯನ್ನು ‘ಟಾಲರೇಟ್’ ಮಾಡುವುದೂ, ಹೊಡೆಯುವವನೊಡನೆ ‘ಪೇಷಂಟ್’ ಆಗಿರುವುದೂ ಒಂದೇ ತಪ್ಪಿನ ಎರಡು ಮುಖಗಳು. ಮೊದಲನೆಯದರಲ್ಲಿ ನಿರಪರಾಧಿಯ ಮೇಲೆ ಅಪರಾಧ ಹೊರಿಸಿದೆ. ಎರಡನೆಯದರಲ್ಲಿ ಅಪರಾಧಿಯ ಮೇಲಿನ ಅಪರಾಧವನ್ನು ಇಳಿಸಿದೆ.

ಪರ್ಯಾಯಪದಗಳ ಪಟ್ಟಿ ಮಾಡಿದ ಹಿರಿಯರಾದರೂ ನಮಗೆ ಇದನ್ನು ಕಲಿಸಲಿಲ್ಲ. 1755ರಲ್ಲಿ ನಿಘಂಟು ರಚಿಸಿದ ಜಾನ್ಸನ್ ಪಂಡಿತ, ಎರಡು ಶಬ್ದಗಳು ಪೂರ್ತಿ ಸಮಾನಾರ್ಥಕವಾಗಿರುವುದು ಅಪರೂಪವೆಂದು ಪೀಠಿಕೆಯಲ್ಲಿಯೇ ಎಚ್ಚರಿಸಿದ್ದಾನೆ. 1852ರಲ್ಲಿ ‘ಥೆಸಾರಸ್’ ಪ್ರಕಟಿಸಿದ ರೋಜೆ ವೃತ್ತಿಯಲ್ಲಿ ವೈದ್ಯ. ಭಾವ ಮನಸ್ಸಿನಲ್ಲಿದ್ದು ಶಬ್ದ ಸಿಕ್ಕದವನಿಗೆ ತಕ್ಕ ಶಬ್ದ ಸಿಕ್ಕಲೆಂದು ಅವನು ಪುಸ್ತಕ ಬರೆದ. ಔಷಧದ ಕಪಾಟಿನಲ್ಲಿ ಶೀಶೆಗಳು ಪಕ್ಕಪಕ್ಕದಲ್ಲಿವೆ ಎಂದ ಮಾತ್ರಕ್ಕೆ ಯಾವುದನ್ನು ಕುಡಿದರೂ ಒಂದೇ ಎಂದು ವೈದ್ಯನು ಹೇಳುವನೆ? ಹಾಗೆ ಹೇಳಿದವರು ನಾವು—ಗೈಡು ಬರೆದವರು, ನೋಟ್ಸು ಬರೆಸಿದವರು, ‘ದೊಡ್ಡ ಶಬ್ದಕ್ಕೆ ಹೆಚ್ಚು ಅಂಕ’ ಕೊಟ್ಟ ಪರೀಕ್ಷಕರು.

ನಾನು ಕೇಳುವುದು ದೊಡ್ಡ ಸುಧಾರಣೆಯನ್ನೇನಲ್ಲ. ಶಬ್ದವನ್ನು ಒಂಟಿಯಾಗಿ ಕಲಿಸಬೇಡಿ. ಇಬ್ಬರು ಮನುಷ್ಯರಿರುವ ಒಂದು ವಾಕ್ಯದಲ್ಲಿ ಕಲಿಸಿ. ದೋಷ ಯಾರದು, ಮೇಲುಗೈ ಯಾರದು, ಎಷ್ಟು ಹೊತ್ತಿನ ಮಾತು ಎಂದು ಮಗುವನ್ನು ಕೇಳಿ. ಮೊದಲು ಕನ್ನಡದಲ್ಲಿ ಹೇಳಿಸಿ. ‘ಏಗು’ ಎಂದಿತೋ, ‘ಸೈರಿಸು’ ಎಂದಿತೋ ನೋಡಿ. ಆಮೇಲೆ ಇಂಗ್ಲಿಷಿಗೆ ಹೋಗಿ. ತರಗತಿಯ ಹತ್ತು ನಿಮಿಷ ಹೆಚ್ಚು ಹಿಡಿದೀತು. ಹಿಡಿಯಲಿ.

ಆ ಭಾನುವಾರ ನಾವಿಬ್ಬರೂ ಅರ್ಜಿಯನ್ನು ಮತ್ತೆ ಬರೆಯಲು ಕುಳಿತೆವು. “ಯಾವ ಶಬ್ದ ಹಾಕಲಿ ಸಾರ್?” ಎಂದು ಅವನು ಲೇಖನಿ ಹಿಡಿದು ಕಾದ. “ಶಬ್ದ ಆಮೇಲೆ ನೋಡೋಣ. ಮನೆಯಲ್ಲಿ ದಿನವೆಲ್ಲ ಏನು ಮಾಡ್ತೀಯ, ಅದನ್ನು ಹೇಳಪ್ಪ” ಎಂದೆ. ತಂದೆ ತೀರಿಹೋಗಿ ಬಹಳ ವರ್ಷವಾಯಿತು. ಸಂಜೆಯಾಯಿತೆಂದರೆ ತಾಯಿ, “ಅವರು ಇನ್ನೂ ಬರಲಿಲ್ಲವಲ್ಲೋ” ಎಂದು ಕೇಳಲು ಶುರುಮಾಡುತ್ತಾರೆ. ಮಲಗುವವರೆಗೆ ಮೂವತ್ತು ಸಲವೋ ನಲವತ್ತು ಸಲವೋ ಕೇಳುತ್ತಾರೆ. ಸತ್ತರೆಂದು ಹೇಳಿದರೆ ಪ್ರತಿ ಸಲವೂ ಹೊಸದಾಗಿ ಅಳುತ್ತಾರೆ. ಆದ್ದರಿಂದ ಇವನು ಪ್ರತಿ ಸಲವೂ, “ಬರ್ತಾರೆ ಅಮ್ಮ, ನೀನು ಊಟ ಮಾಡು” ಎನ್ನುತ್ತಾನೆ.

ಅದನ್ನೇ ಬರೆದೆವು. ಆಕೆಯೊಡನೆ ‘ಪೇಷಂಟ್’ ಆಗಿರುವುದಕ್ಕೆ ಆಕೆಯ ದನಿ ಬಲ್ಲ ಮನೆಯವರೇ ಬೇಕು ಎಂದು ಕೊನೆಯಲ್ಲಿ ಸೇರಿಸಿದೆವು. ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ವರ್ಗ ನಿಲ್ಲುವುದೋ ಇಲ್ಲವೋ ಅದು ಆ ಕಚೇರಿಯ ಮಾತು. ಆದರೆ ಒಂಬತ್ತು ತಿಂಗಳು ಹೊತ್ತು ಹೆತ್ತವಳ ಮೇಲೆ ಮಗ ಬರೆದ ದೂರು ಈಗ ಅದರಲ್ಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ನೋಟ್ಸಿನ ಪುಸ್ತಕ ನಿಮ್ಮ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ, ದಯವಿಟ್ಟು ಕೆಳಗಿಳಿಸಿ, ‘ಸಹಿಸು’ ಎಂದಿರುವ ಆ ಪುಟದ ಮೇಲೆ ಅಡ್ಡಗೀಟು ಎಳೆಯಿರಿ. ನಿಮ್ಮ ಮಕ್ಕಳು ಅದನ್ನು ನೋಡಿ ಬರೆಯದಿರಲಿ.